ಮೆಕ್ಯಾನಿಕ್‌ಗಳಿಗೆ ಒಂದು ಪ್ರಶ್ನೆ: ಯಾವ ಗಾಡಿ ಕಂಡ್ರೆ ನಿಮಗೆ ತಲೆ ಕೆಡುತ್ತೆ?

ಪ್ರಶ್ನೆ: ನನ್ನ ಕಾರಿನ ಸೆಲ್ಫ್ ಮೋಟರ್ ಹೋಗಿತ್ತು. ಮೋಟರಿಗಿಂತ ಕೂಲಿಯೇ ಜಾಸ್ತಿ ಆಯ್ತು. ಯಾಕೆ ಅಂತ ಕೇಳಿದ್ರೆ "ಈ ಗಾಡಿ ಬಂದ್ರೆ ನಮಗೇ ಬೇಜಾರು ಸರ್" ಅಂದ್ರು. ಇದು ನಿಜಾನಾ, ಇಲ್ಲಾ ಬಿಲ್ ಏರಿಸೋಕೆ ಹೇಳೋ ಮಾತಾ?

ಉತ್ತರ: ನಿಜಾನೇ ಸರ್. ದೊಡ್ಡ ಕೆಲಸಕ್ಕೆ ನಮಗೆ ಬೇಜಾರಿಲ್ಲ. ಇಂಜಿನ್ ಬಿಚ್ಚಿ ಹಾಕೋದು ಅಂದ್ರೆ ಖುಷಿಯೇ. ಸಣ್ಣ ಪಾರ್ಟ್ ಒಂದನ್ನು ಮುಟ್ಟೋಕೆ ಸುಮ್ನೆ ಅರ್ಧ ಗಾಡಿ ಬಿಚ್ಚಬೇಕು ಅಂದಾಗ ಮೈ ಉರಿಯುತ್ತೆ. ಸೆಲ್ಫ್ ಮೋಟರ್ ಅಂದ್ರಲ್ಲ, ಕ್ಯಾಡಿಲಾಕ್‌ನ ನಾರ್ತ್‌ಸ್ಟಾರ್ ವಿ8 ಇಂಜಿನ್‌ನಲ್ಲಿ ಅದು ಎರಡು ಸಾಲು ಸಿಲಿಂಡರ್ ನಡುವಿನ ಸಂದಿಯಲ್ಲಿ ಕೂತಿರುತ್ತೆ. ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪುಗಳ ಭಾಗ) ತೆಗೆಯದೆ ಕಣ್ಣಿಗೂ ಬೀಳಲ್ಲ. ಬಿಎಂಡಬ್ಲ್ಯೂ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್, ಅಂದ್ರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯೋ ಹಾಗೆ ನೋಡಿಕೊಳ್ಳೋ ಚೈನ್, ಇರೋದು ಗೇರ್‌ಬಾಕ್ಸ್ ಕಡೆ. ಚೈನ್ ಸದ್ದು ಮಾಡ್ತಿದೆ ಅಂತ ಬಂದ್ರೆ ಇಂಜಿನ್ನೋ ಗೇರ್‌ಬಾಕ್ಸೋ ಇಳಿಸಲೇಬೇಕು.

ಆದ್ರೆ ಎಲ್ಲಕ್ಕಿಂತ ಜೀವ ತಿನ್ನೋದು ಫೋರ್ಡ್‌ನ 5.4 ಲೀಟರ್ ಟ್ರೈಟನ್ ವಿ8 ಇಂಜಿನ್, ಸಿಲಿಂಡರಿಗೆ 3 ವಾಲ್ವ್ ಇರೋದು. ಅದರ ಹಳೇ ಸ್ಪಾರ್ಕ್ ಪ್ಲಗ್ ಒಂದೇ ತುಂಡಲ್ಲ, ಎರಡು ತುಂಡು ಸೇರಿಸಿ ಮಾಡಿದ್ದು. ಕೆಳಗಿನ ಉದ್ದನೆ ತುದಿಗೆ ಕಾರ್ಬನ್ ಕಟ್ಟಿ ಹೆಡ್‌ಗೆ (ಸಿಲಿಂಡರ್ ಮೇಲೆ ಕೂರೋ ಭಾಗ) ಕಚ್ಚಿಕೊಂಡಿರುತ್ತೆ. ಅವಸರಪಟ್ಟು ತಿರುಗಿಸಿದ್ರೆ ಮೇಲಿನ ಭಾಗ ಕೈಗೆ ಬರುತ್ತೆ, ಕೆಳಗಿನದು ಒಳಗೇ ಉಳಿಯುತ್ತೆ. ಹಾಗಾಗಿ ಸ್ವಲ್ಪವೇ ಸಡಿಲ ಮಾಡಿ, ಸುತ್ತ ಕ್ಲೀನರ್ ಹಾಕಿ, ಅದು ಇಳಿಯೋವರೆಗೂ ಕಾದು, ಆಮೇಲೆ ಹಿಂದೆ ಮುಂದೆ ಆಡಿಸ್ತಾ ತೆಗೀಬೇಕು. ಮುರಿದ್ರೆ ತುಂಡು ಎಳೆಯೋಕೇ ಬೇರೆ ಟೂಲ್ ಇದೆ. ಪ್ಲಗ್‌ನ ಪಿಂಗಾಣಿ ಚೂರು ಸಿಲಿಂಡರ್ ಒಳಗೆ ಬೀಳದ ಹಾಗೆ ಉಸಿರು ಹಿಡ್ಕೊಂಡು ಮಾಡೋ ಕೆಲಸ ಅದು, ಹಾಗೆ 8 ಪ್ಲಗ್!

ಪ್ರಶ್ನೆ: ಅಂದ್ರೆ ಡಿಸೈನ್ ಮಾಡೋರಿಗೆ ಇದು ಗೊತ್ತಾಗಲ್ವಾ ಅಣ್ಣ?

ಉತ್ತರ: ಗೊತ್ತಿರುತ್ತೆ. ಆದ್ರೆ ಫ್ಯಾಕ್ಟರಿಯಲ್ಲಿ ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಹೊರಗೇ ಜೋಡಿಸಿ, ಸಾಮಾನ್ಯವಾಗಿ ಕೆಳಗಿಂದ ಒಟ್ಟಿಗೆ ಬಾಡಿಗೆ ಏರಿಸ್ತಾರೆ. ಅವರಿಗೆ ಆ ಬೋಲ್ಟ್ ಕೈಗೆ ಸಿಕ್ಕಿರುತ್ತೆ. ನಮಗೆ ಸಿಗೋದು ಬೋನೆಟ್ ತೆಗೆದಾಗ ಕಾಣೋ ಸಂದಿ ಮಾತ್ರ. ಅಡ್ಡ ಕೂರಿಸಿದ ವಿ6 ನೋಡಿ, ಮುಂದಿನ 3 ಪ್ಲಗ್ ಬೇಗ ಆಗುತ್ತೆ, ಹಿಂದಿನ 3 ಪ್ಲಗ್‌ಗೆ ಎಷ್ಟೋ ಗಾಡಿಗಳಲ್ಲಿ ಮ್ಯಾನಿಫೋಲ್ಡೇ ಬಿಚ್ಚಬೇಕು.

ಇನ್ನೊಬ್ಬ ಮೆಕ್ಯಾನಿಕ್: ನನಗೆ ಕೈ ಹೋಗದ ಜಾಗಕ್ಕಿಂತ ಆಗೊಮ್ಮೆ ಈಗೊಮ್ಮೆ ಬರೋ ವೈರಿಂಗ್ ಫಾಲ್ಟ್ ಬೇಡ ಅಣ್ಣಾ. ಗ್ಯಾರೇಜಿಗೆ ಬಂದ ತಕ್ಷಣ ಗಾಡಿ ಸರಿಯಾಗಿರುತ್ತೆ! ಕನೆಕ್ಟರ್‌ಗೆ ನೀರು ಹೋಗಿ ಪಿನ್ ಕಿಲುಬು ಹಿಡಿದು ಹಸಿರಾಗಿರುತ್ತೆ, ಅದು ಕಾರ್ಪೆಟ್ ಎತ್ತಿದ ಮೇಲೇ ಗೊತ್ತಾಗೋದು. ಹುಡುಕೋಕೆ ತಗೊಂಡ ಹೊತ್ತಿಗೆ ದುಡ್ಡು ಕೇಳಿದ್ರೆ "ಒಂದು ವೈರ್‌ಗಾ ಇಷ್ಟು" ಅಂತಾರೆ.

ಪ್ರಶ್ನೆ: ಸರಿ, ಹಳೇ ಕಾರು ತಗೊಳ್ಳೋ ಮುಂಚೆ ಏನು ಕೇಳ್ಬೇಕು?

ಉತ್ತರ: ಚೈನ್ ಯಾವ ಕಡೆ ಇದೆ, ವಾಟರ್ ಪಂಪ್ ಹೊರಗಿದೆಯಾ ಒಳಗಿದೆಯಾ ಅಂತ ಕೇಳಿ. ಫೋರ್ಡ್‌ನ 3.5 ವಿ6 ಅಡ್ಡ ಕೂರಿಸಿದ ಕೆಲವು ಮಾಡೆಲ್‌ಗಳಲ್ಲಿ ಪಂಪ್ ಇಂಜಿನ್ ಒಳಗೇ ಇದ್ದು ಚೈನ್‌ನಿಂದ ತಿರುಗುತ್ತೆ, ಸೋರಿದ್ರೆ ಕೂಲೆಂಟ್ ಆಯಿಲ್‌ಗೆ ಸೇರೋ ಭಯ. ಚೈನ್ ಬದಲು ಟೈಮಿಂಗ್ ಬೆಲ್ಟ್ ಇದ್ದು, ಅದು ಆಯಿಲ್‌ನಲ್ಲೇ ಓಡೋ ಇಂಜಿನ್ ಆದ್ರೆ ಆಯಿಲ್ ಬದಲಿಸಿದ ಬಿಲ್‌ಗಳನ್ನು ತೋರಿಸೋಕೆ ಹೇಳಿ. ಬಿಲ್ ಇಲ್ಲ ಅಂದ್ರೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ಆಯಿಲ್ ಸೋಸೋ ಸ್ಟ್ರೈನರ್ ನೋಡೋವರೆಗೂ ಅಡ್ವಾನ್ಸ್ ಕೊಡ್ಬೇಡಿ, ಬೆಲ್ಟಿನ ರಬ್ಬರ್ ಉದುರಿ ಕಟ್ಟಿಕೊಳ್ಳೋದು ಅಲ್ಲೇ.