ಭಾವ ಅಪಘಾತದಲ್ಲಿ ಹೋದರು, ಅಕ್ಕನಿಗೆ ಹೇಗೆ ಆಸರೆಯಾಗಲಿ? ಅನುಭವ ಇದ್ದವರು ಹೇಳಿ

ತುಮಕೂರು ತಮ್ಮ: ಹೋದ ತಿಂಗಳು ಶಿರಾ ಹತ್ತಿರ ಲಾರಿ ಗುದ್ದಿ ಭಾವ ತೀರಿಕೊಂಡರು. ಅಕ್ಕ ಮಾತೇ ಆಡುತ್ತಿಲ್ಲ. ಮಕ್ಕಳು ಚಿಕ್ಕವು. ಅವಳ ಹತ್ತಿರ ಏನು ಮಾತಾಡಬೇಕು, ಏನು ಆಡಬಾರದು ತಿಳಿಯುತ್ತಿಲ್ಲ. ನಿಮ್ಮ ಮನೆಯಲ್ಲಿ ಯಾರು ಹೇಗೆ ಜೊತೆಗಿದ್ದರು?

ಹಾಸನದ ಅಕ್ಕ: ನಮ್ಮ ಮನೆಯವರೂ ಹೀಗೇ ಹೋದರು, ಬಿ.ಎಂ. ರಸ್ತೆಯಲ್ಲಿ. ವಯಸ್ಸು 37, ಆಟೋ ಓಡಿಸುತ್ತಿದ್ದರು. ಸಮಾಧಾನ ಹೇಳೋಕೆ ಊರೇ ಬಂತು. ಸ್ಟೇಷನ್‌ಗೆ ಜೊತೆ ಬಂದಿದ್ದು ಮೈದುನ ಒಬ್ಬನೇ. ಎಫ್‌ಐಆರ್, ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ವಂಶವೃಕ್ಷ ಎಲ್ಲ ಅವನೇ ಓಡಾಡಿ ತಂದ. ಪರಿಹಾರದ ಕ್ಲೇಮ್ ಅರ್ಜಿ ಹಾಕೋಕೆ ಅಪಘಾತವಾದ ದಿನದಿಂದ ಆರು ತಿಂಗಳು ಅಂತ 2022ರ ಏಪ್ರಿಲ್‌ನಿಂದ ಕಾನೂನು ಇದೆ, ತಡ ಮಾಡಬೇಡಿ. ವಿಮೆಯವರು ಲೋಕ ಅದಾಲತ್‌ನಲ್ಲಿ 11 ಲಕ್ಷಕ್ಕೆ ಮುಗಿಸಿ ಅಂದರು. ನಾನು ಒಪ್ಪಲಿಲ್ಲ. ಆದಾಯಕ್ಕೆ ದಾಖಲೆ ಇಲ್ಲ ಅಂತ ಕೋರ್ಟ್ ತಿಂಗಳಿಗೆ 12 ಸಾವಿರ ಹಿಡಿಯಿತು. 40 ವರ್ಷದ ಒಳಗಿನವರು, ಮುಂದೆ ದುಡಿಮೆ ಏರುತ್ತಿತ್ತು ಅಂತ ಶೇ 40 ಸೇರಿಸಿ, ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು, ವರ್ಷಕ್ಕೆ ಲೆಕ್ಕ ಹಾಕಿ, ಅವರ ವಯಸ್ಸಿಗೆ ಇಷ್ಟು ಅಂತ ಇರುವ 15ರಿಂದ ಗುಣಿಸಿದರು. 22,68,000 ಆಯಿತು. ಮಕ್ಕಳ ಪಾಲು ಬ್ಯಾಂಕಿನಲ್ಲಿದೆ, 18 ತುಂಬುವವರೆಗೆ ಮುಟ್ಟೋ ಹಾಗಿಲ್ಲ. ವಕೀಲರಿಗೆ ಶೇ 20 ಹೋಯಿತು. ಆದರೂ ಹೋರಾಡಿದ್ದೇ ಸರಿ.

ದುರ್ಗದ ಹುಡುಗ: ಅದಾಲತ್‌ನಲ್ಲಿ ಮುಗಿಸಿಕೊಂಡವರು ದಡ್ಡರೇನಲ್ಲ. ಅಪ್ಪ ಹೋದಾಗ ನಾವು 9 ಲಕ್ಷಕ್ಕೆ ಒಪ್ಪಿಕೊಂಡೆವು. ಪಾಟೀಸವಾಲಿನಲ್ಲಿ "ಹೆಲ್ಮೆಟ್ ಹಾಕಿದ್ದರಾ, ಕುಡಿದಿದ್ದರಾ" ಅಂತ ಕೇಳಿದ ದಿನ ಅಮ್ಮ ಊಟ ಬಿಟ್ಟರು. ಪ್ರತಿ ವಾಯಿದೆಗೂ ಅದೇ ಫೋಟೋ, ಅದೇ ಮಾತು. ಅದಾಲತ್‌ನಲ್ಲಾದರೆ ಮೇಲೆ ಅಪೀಲಿಲ್ಲ, ಮುಗೀತು ಅಂದರೆ ಮುಗೀತು. ನಿಮ್ಮ ಲೆಕ್ಕದಲ್ಲಿ ಅಮ್ಮನ ಊಟ ಎಲ್ಲಿದೆ?

ಹಾಸನದ ಅಕ್ಕ: ನಾನು ಯಾರನ್ನೂ ದಡ್ಡರು ಅಂದಿಲ್ಲ. ನನ್ನ ಮಕ್ಕಳ ಫೀಸನ್ನು ನೀವು ಕಟ್ಟುತ್ತೀರಾ?

ಸಾಗರದ ಮೇಷ್ಟ್ರು: ನನ್ನ ಮಗ ಆತ್ಮಹತ್ಯೆ ಮಾಡಿಕೊಂಡ. ಬೈಯೋಕೆ ನಮಗೆ ಲಾರಿಯೂ ಇಲ್ಲ, ಡ್ರೈವರೂ ಇಲ್ಲ. ಬಂದವರೆಲ್ಲ "ಯಾಕಂತೆ?" ಅಂತ ಕೇಳಿದರು. ಗೊತ್ತಿದ್ದರೆ ಬಿಡುತ್ತಿದ್ದೆವಾ? ಪೊಲೀಸರು ಯುಡಿಆರ್ (ಅಸಹಜ ಸಾವಿನ ಕೇಸು) ದಾಖಲಿಸಿ ಅವನ ಫೋನ್ ತೆಗೆದುಕೊಂಡು ಹೋದರು, ಅವನ ಫೋಟೋಗಳೆಲ್ಲ ಅದರಲ್ಲೇ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರುವ ತನಕ ವಿಮೆ ಹಣ ನಿಂತಿತು. ಪಾಲಿಸಿಗೆ ವರ್ಷ ದಾಟಿದ್ದರೆ ಆತ್ಮಹತ್ಯೆಗೂ ಪೂರ್ತಿ ಹಣ ಬರುತ್ತದೆ. ಏಜೆಂಟ್ ಬರೋದೇ ಇಲ್ಲ ಅಂದಿದ್ದ. ನನ್ನ ಹೆಂಡತಿಯನ್ನು ಉಳಿಸಿದವರು ಪಕ್ಕದ ಮನೆಯಾಕೆ. ಸಂಜೆ ಬಂದು ಅವನ ಹೆಸರು ಹಿಡಿದೇ ಮಾತಾಡುತ್ತಿದ್ದರು. ಅವನಿಗೆ ಇಷ್ಟ ಅಂತ ಪತ್ರೊಡೆ ಮಾಡಿ ತರುತ್ತಿದ್ದರು. ನೆಂಟರು ಅವನ ಹೆಸರೇ ಎತ್ತಲಿಲ್ಲ. ರಾತ್ರಿ ತಡೆಯಲಾಗದಾಗ ನಾನು 14416ಕ್ಕೆ ಫೋನ್ ಮಾಡುತ್ತಿದ್ದೆ. ಸರ್ಕಾರದ ಟೆಲಿ ಮನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಂಡ್ಯದವಳು: ಹನ್ನೊಂದನೇ ದಿನ ಬಳೆ ಒಡೆಯೋಕೆ ಮಾತ್ರ ಬಿಡಬೇಡಿ. ನನ್ನ ತಂಗಿಗೆ 26 ವರ್ಷ. ಹಿರಿಯರು ನಾಲ್ಕು ಜನ ಕೈ ಹಿಡಿದು ಒಡೆದರು. ಗಂಡ ಹೋದ ದಿನಕ್ಕಿಂತ ಆ ದಿನವೇ ಅವಳಿಗೆ ಕನಸಲ್ಲಿ ಬರುತ್ತದೆ.

ದುರ್ಗದ ಹುಡುಗ: ಅಮ್ಮ ತಾವೇ ಕೇಳಿ ಶಾಸ್ತ್ರ ಮಾಡಿಸಿಕೊಂಡರು. ಎಲ್ಲರಿಗೂ ಒಂದೇ ಅಂತ ಹೇಳಬೇಡಿ.

ಮಂಡ್ಯದವಳು: ಕೇಳಿದರೆ ಮಾಡಿ, ಬೇಡ ಅನ್ನಲಿಲ್ಲ. ನನ್ನ ತಂಗಿಯನ್ನು ಯಾರು ಕೇಳಿದರು?

ಕೋಲಾರ ಪ್ಯಾರಾಲೀಗಲ್: ಶೇ 20 ಅಂತ ಓದಿ ಹೊಟ್ಟೆ ಉರಿಯಿತು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, 1987ರ ಕಾಯ್ದೆಯಲ್ಲೇ ಇದೆ. ಬಂದ ಹಣದಲ್ಲಿ ಪಾಲು ಕೇಳೋದು ವಕೀಲರ ನಿಯಮಕ್ಕೇ ವಿರುದ್ಧ. ಇಷ್ಟು ವಿಚಾರಿಸಬಹುದಿತ್ತಲ್ವಾ?

ಹಾಸನದ ಅಕ್ಕ: ಶವಾಗಾರದ ಬಾಗಿಲಲ್ಲೇ ಒಬ್ಬರು ವಕಾಲತ್ತು ಹಿಡಿದು ನಿಂತಿದ್ದರು. ಒಳಗೆ ಗಂಡ ಮಲಗಿದ್ದಾನೆ, ನಾನು ಕಾಯ್ದೆ ವಿಚಾರಿಸಲಾ? ಪ್ರಾಧಿಕಾರದವರು ಒಬ್ಬರಾದರೂ ಅಲ್ಲಿದ್ದರಾ?

ಕೋಲಾರ ಪ್ಯಾರಾಲೀಗಲ್: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಬೋರ್ಡ್ ಹಾಕಿಸಿದ್ದೇವೆ.

ಹಾಸನದ ಅಕ್ಕ: ಅಲ್ಲಿ ಬೋರ್ಡ್ ಓದೋ ಸ್ಥಿತಿಯಲ್ಲಿ ಯಾರಿರುತ್ತಾರೆ? ಮನುಷ್ಯರನ್ನು ನಿಲ್ಲಿಸಿ.