ಸಹಾಯ ಬೇಕು: ನಾಯಿ ಜೊತೆ ಮರವಂತೆ ಕಡೆ ಎರಡು ದಿನ

ನಮಸ್ಕಾರ. ಮುಂದಿನ ಶನಿವಾರ ಬೆಂಗಳೂರಿಂದ ಕಾರಲ್ಲಿ ಮರವಂತೆ ಕಡೆ ಹೊರಟಿದ್ದೇವೆ. ಜೊತೆಗೆ ನಮ್ಮ ಚಿನ್ನಿ, 9 ವರ್ಷದ ಲ್ಯಾಬ್ರಡಾರ್. ಇನ್ನೂ ಸಮುದ್ರ ನೋಡಿಲ್ಲ. ಹಿಂಗಾಲು ನೋವು, ಮೆಟ್ಟಿಲ ಮುಂದೆ ನಿಂತು ನನ್ನ ಮುಖ ನೋಡುತ್ತಾಳೆ. ಹಾಗಾಗಿ ಕೆಳಗಿನ ರೂಮು, ಕಾಂಪೌಂಡ್ ಇರುವ ಹೋಮ್‌ಸ್ಟೇ ಬೇಕು. ನಾಯಿಯನ್ನು ಹೊರಗೆ ಕಟ್ಟಿ ಅನ್ನುವವರು ಬೇಡ. ರಾತ್ರಿ ನಮ್ಮ ಮಂಚದ ಪಕ್ಕವೇ ಮಲಗಬೇಕು ಅವಳಿಗೆ.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ನೋಡಲು ಚೆಂದ ಅಲ್ವಾ, ಆದರೆ ನನಗೆ ಲಾರಿಗಳ ಭಯ. ಹೆದ್ದಾರಿ ದಾಟದೆ ಮರಳಿಗೆ ಇಳಿಯುವಂಥ ಜಾಗ ಕುಂದಾಪುರದ ಕೋಡಿ ಕಡೆ ಸಿಗುತ್ತದಾ? ಬೀದಿನಾಯಿಗಳು ಜಾಸ್ತಿಯಾ? ಭಾನುವಾರವೂ ಸಿಗುವ ಪಶುವೈದ್ಯರಿದ್ದರೆ ದಯವಿಟ್ಟು ತಿಳಿಸಿ. ನಾಯಿ ಕರೆದುಕೊಂಡು ಹೋಗಿಬಂದವರು ಹೇಳಿದರೆ ಧೈರ್ಯ ಬರುತ್ತದೆ.