ಬೆಳಿಗ್ಗೆ 6:40ಕ್ಕೆ ಬೇಲಿಫ್ (ಬಾಕಿ ವಸೂಲಿಯವನು) ಬಂದಿದ್ದ. ಬಾಗಿಲು ತೆಗೆಯಬೇಕಾ, ಬೇಡ್ವಾ?

ಗಿರಿ_ಮಿಡ್‌ಲ್ಯಾಂಡ್ಸ್: ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ. ಇಲ್ಲಿ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುವಾಗ ಇಬ್ಬರು ಗೆಳೆಯರ ಜೊತೆ ಒಂದು ಮನೆ ಹಿಡಿದಿದ್ದೆವು. ಮೂವರ ಹೆಸರಲ್ಲೂ ಕರಾರು. ಫುಲ್ ಟೈಮ್ ವಿದ್ಯಾರ್ಥಿಗಳಿಗೆ ಕೌನ್ಸಿಲ್ ಟ್ಯಾಕ್ಸ್ (ಮನೆಯಲ್ಲಿ ಇರುವವರು ಕೌನ್ಸಿಲಿಗೆ, ಅಂದರೆ ಇಲ್ಲಿನ ಪಾಲಿಕೆಗೆ, ಕಟ್ಟುವ ತೆರಿಗೆ) ಇಲ್ಲ ಅಂತ ನೆಮ್ಮದಿಯಾಗಿದ್ದೆವು. ಕೋರ್ಸು 2023ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ವೀಸಾ ಜನವರಿವರೆಗೆ ಇತ್ತಲ್ಲ, ವಿನಾಯಿತಿಯೂ ಅಲ್ಲಿವರೆಗೆ ಅಂದುಕೊಂಡೆವು. ಹೊಸ ವರ್ಷದ ಹೊತ್ತಿಗೆ ಒಬ್ಬ ಕೆನಡಾಕ್ಕೆ ಹೋದ, ಇನ್ನೊಬ್ಬ ಬೆಂಗಳೂರಿಗೆ. ನಾನೊಬ್ಬನೇ 2024ರ ಜೂನ್ ತನಕ ಇದ್ದು ಮನೆ ಬಿಟ್ಟೆ. ಕೌನ್ಸಿಲ್‌ನ ಕಾಗದ ಎಲ್ಲಾ ಆ ಹಳೇ ವಿಳಾಸಕ್ಕೇ ಹೋಗಿವೆ. ಹೋದ ತಿಂಗಳು ಹೊಸ ಮನೆಗೆ ಒಂದು ಕಾಗದ ಬಂತು, ಯಾವನೋ ಮೋಸಗಾರನದ್ದು ಅಂತ ಫ್ರಿಜ್ ಮೇಲಿಟ್ಟು ಮರೆತೆ. ಇವತ್ತು ಬೆಳಿಗ್ಗೆ 6:40ಕ್ಕೆ ಒಬ್ಬ ಬಂದು ಬಾಗಿಲು ಬಡಿದ. ಎದೆ ಮೇಲೆ ಕ್ಯಾಮೆರಾ. ಕಾಗದ ಹಾಕುವ ಸಂದಿಯಿಂದಲೇ ಮಾತಾಡಿದ. ಬಾಕಿ 1,240 ಪೌಂಡ್, ಕೇಸು ಅವರ ಕೈಗೆ ಬಂದದ್ದಕ್ಕೆ 75, ಮನೆಗೆ ಬಂದದ್ದಕ್ಕೆ 235, ಒಟ್ಟು 1,550. ಇವತ್ತೇ ಕಟ್ಟದಿದ್ದರೆ ಬೀಗದವನನ್ನು ಕರೆದುಕೊಂಡು ಬರ್ತೀನಿ ಅಂದ. ಮನೆಯಲ್ಲಿ ಏಳು ತಿಂಗಳ ಮಗು ಇದೆ. ಹೆಂಡತಿ ಹೆದರಿ ಲೈಟ್ ಆರಿಸಿ ಕೂತಿದ್ದಾಳೆ. ಗೆಳೆಯರು ಮೆಸೇಜ್ ನೋಡುತ್ತಾರೆ, ಉತ್ತರ ಕೊಡುತ್ತಿಲ್ಲ. ಏನು ಮಾಡಲಿ?

ಸ್ವಿಂಡನ್_ಸೋಮಣ್ಣ: ಬಾಕಿ ಇದೆಯೋ ಇಲ್ಲವೋ? ಇದೆ ಅಲ್ವಾ? ಕಟ್ಟಿ. ನಿಮ್ಮ ಕಸ ಎತ್ತಿದ್ದಾರೆ, ಬೀದಿ ದೀಪ ಹಾಕಿದ್ದಾರೆ. 19 ವರ್ಷದಿಂದ ಇಲ್ಲಿದ್ದೇನೆ, ಒಂದು ಕಂತು ತಪ್ಪಿಸಿಲ್ಲ. ಬೆಂಗಳೂರಲ್ಲಿ ಏಪ್ರಿಲಿನಲ್ಲೇ ಆಸ್ತಿ ತೆರಿಗೆ ಕಟ್ಟಿದರೆ 5% ರಿಯಾಯಿತಿ ಅಂತ ಅಪ್ಪಂದಿರು ಓಡಾಡುತ್ತಾರೆ, ಮಕ್ಕಳು ಇಲ್ಲಿ ಬಂದು ನೋಟಿಸನ್ನು ಫ್ರಿಜ್ ಮೇಲಿಡುತ್ತಾರೆ. ಅಮೀನ ಬಂದು ನಿಂತಾಗ ಮಾತ್ರ ಕಾನೂನು ನೆನಪಾಗುತ್ತೆ.

ಕಾನೂನು_ಕಾಗೆ: ಅಮೀನ ಅಲ್ಲ ಸ್ವಾಮಿ. ಅಮೀನ ಕೋರ್ಟಿನ ನೌಕರ. ಇವನು ಖಾಸಗಿ ಕಂಪನಿಯವನು, ಕೌಂಟಿ ಕೋರ್ಟಿನ ಸರ್ಟಿಫಿಕೇಟ್ ಇಟ್ಟುಕೊಂಡಿರುತ್ತಾನೆ ಅಷ್ಟೇ. 2014ರಿಂದ ಕಾನೂನಿನಲ್ಲಿ ಇವನ ಹೆಸರೂ ಬೇಲಿಫ್ ಅಲ್ಲ, ಎನ್‌ಫೋರ್ಸ್‌ಮೆಂಟ್ ಏಜೆಂಟ್. ಗಿರಿ, ಬಾಗಿಲು ತೆಗೆಯಬೇಡಿ. ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಮೊದಲ ಸಲ ಬಂದವನು ಬೀಗ ಒಡೆಯುವ ಹಾಗಿಲ್ಲ, ಕಿಟಕಿ ಹತ್ತುವ ಹಾಗಿಲ್ಲ, ನಿಮ್ಮನ್ನು ತಳ್ಳಿಕೊಂಡು ಬರುವ ಹಾಗೂ ಇಲ್ಲ. ಬೆಳಿಗ್ಗೆ 6ರಿಂದ ರಾತ್ರಿ 9ರ ಒಳಗೆ ಬಡಿಯಬಹುದು, ಬಡಿಯಲಿ. ಬೀಗದವನ ಮಾತು ಬರೀ ಬೆದರಿಕೆ.

ಸ್ವಿಂಡನ್_ಸೋಮಣ್ಣ: ಬರೀ ಬೆದರಿಕೆಯಾ? ನಮ್ಮ ಪಕ್ಕದ ಬೀದಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಬಾಗಿಲು ಒಡೆದೇ ಒಳಗೆ ಹೋದರು.

ಕಾನೂನು_ಕಾಗೆ: ಯಾವ ಬಾಕಿಗೆ?

ಸ್ವಿಂಡನ್_ಸೋಮಣ್ಣ: ಅದೇನೋ ಗಾಡಿ ಇನ್ಶೂರೆನ್ಸ್ ಇಲ್ಲದೆ ಓಡಿಸಿ ಕೋರ್ಟ್ ದಂಡ ಹಾಕಿತ್ತಂತೆ. ಬಾಗಿಲು ಬಾಗಿಲೇ ಅಲ್ವಾ?

ಕಾನೂನು_ಕಾಗೆ: ಅಲ್ಲ. ಅದು ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ದಂಡ, ಅದಕ್ಕೆ ಒಡೆಯಬಹುದು. ಇದಕ್ಕೆ ಆಗಲ್ಲ. ದಪ್ಪ ಅಕ್ಷರದಲ್ಲಿ ಬರೆಯಲಾ?

ಸ್ವಿಂಡನ್_ಸೋಮಣ್ಣ: ಜೈಲಿನ ಬಗ್ಗೆಯೂ ದಪ್ಪ ಅಕ್ಷರದಲ್ಲಿ ಬರೆಯಿರಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟದವರಿಗೆ ಮೂರು ತಿಂಗಳವರೆಗೆ ಜೈಲು ಈಗಲೂ ಇದೆ. ಅದನ್ನು ಯಾಕೆ ನುಂಗಿಕೊಂಡಿರಿ?

ಕಾನೂನು_ಕಾಗೆ: ಬೇಕೆಂದೇ ಕಟ್ಟಲಿಲ್ಲ ಅಂತ ಕೋರ್ಟು ವಿಚಾರಣೆ ಮಾಡಿ ಒಪ್ಪಬೇಕು. ವೇಲ್ಸ್‌ನಲ್ಲಿ 2019ರಲ್ಲೇ ಅದನ್ನು ತೆಗೆದುಹಾಕಿದರು. ಮಗು ಇರುವ ಮನೆಯವರನ್ನು ಸುಮ್ನೆ ಹೆದರಿಸಬೇಡಿ.

ಗ್ಲಾಸ್ಗೋ_ಗೌಡ: ನಮ್ಮ ಸ್ಕಾಟ್ಲೆಂಡಿನಲ್ಲಿ ಬೇಲಿಫೇ ಇಲ್ಲ. ಶೆರಿಫ್ ಆಫೀಸರ್ ಅಂತಾರೆ. ಬಾಕಿ ಮೇಲೆ 10% ಸೇರಿಸುತ್ತಾರೆ, ಆದರೆ ಮನೆಯೊಳಗಿನ ಸಾಮಾನು ಮುಟ್ಟಬೇಕಾದರೆ ಶೆರಿಫ್, ಅಂದರೆ ಇಲ್ಲಿನ ಜಡ್ಜ್, ಹತ್ತಿರ ಪ್ರತ್ಯೇಕ ಆದೇಶ ತರಬೇಕು.

ಧಾರವಾಡ_ಟು_ಡರ್ಬಿ: ಸಂತೋಷ ಗೌಡ್ರೇ. ಗಿರಿ ಮನೆ ಎತ್ತಿ ಸ್ಕಾಟ್ಲೆಂಡಿನಲ್ಲಿ ಇಟ್ಟು ಬರೋಣ.

ಸ್ವತಂತ್ರ_ಪ್ರಜೆ: ಯಾರೂ ನಿಜ ಹೇಳುತ್ತಿಲ್ಲ. ಕೌನ್ಸಿಲ್ ಜೊತೆ ನೀವು ಯಾವ ಒಪ್ಪಂದಕ್ಕೂ ಸಹಿ ಮಾಡಿಲ್ಲ. ಒಪ್ಪಂದ ಇಲ್ಲದ ಮೇಲೆ ಸಾಲ ಎಲ್ಲಿಂದ ಬಂತು? ಗೇಟಿಗೆ ಒಂದು ಬೋರ್ಡ್ ಹಾಕಿ: "ಈ ಜಾಗಕ್ಕೆ ಕಾಲಿಡುವ ಅನುಮತಿಯನ್ನು ಹಿಂಪಡೆಯಲಾಗಿದೆ." ಅವನು ಗೇಟು ದಾಟಿದರೆ ಅತಿಕ್ರಮಣ. ನಾನು ಹಾಕಿದ್ದೇನೆ, ಇವತ್ತಿಗೂ ಒಬ್ಬ ಬಂದಿಲ್ಲ.

ಕಾನೂನು_ಕಾಗೆ: ನಿಮ್ಮ ಹತ್ತಿರ ಬಾಕಿ ಎಷ್ಟಿದೆ?

ಸ್ವತಂತ್ರ_ಪ್ರಜೆ: ಡೈರೆಕ್ಟ್ ಡೆಬಿಟ್‌ನಲ್ಲಿ ಹೋಗುತ್ತೆ. ಅದು ಬೇರೆ ವಿಷಯ.

ಧಾರವಾಡ_ಟು_ಡರ್ಬಿ: 😂😂 ಬೋರ್ಡಿನ ಮಹಿಮೆ!

ಕಾನೂನು_ಕಾಗೆ: ಅವರಿಗೆ ಬರುವ ಅಧಿಕಾರ 2007ರ ಕಾಯ್ದೆಯಿಂದ ಬಂದದ್ದು, ನಿಮ್ಮ ಗೇಟಿನ ಅನುಮತಿಯಿಂದಲ್ಲ. ತೆರಿಗೆಗೆ ಸಹಿಯೂ ಬೇಕಿಲ್ಲ. ಗಿರಿ, ಆ ಬೋರ್ಡಿನ ದುಡ್ಡಲ್ಲಿ ಡೈಪರ್ ತನ್ನಿ.

ರೇವತಿ_ಲಂಡನ್: ಗಿರಿ, ವಿದ್ಯಾರ್ಥಿ ವಿನಾಯಿತಿ ಕೋರ್ಸು ಮುಗಿದ ದಿನಕ್ಕೆ ನಿಲ್ಲುತ್ತೆ, ವೀಸಾ ಮುಗಿದ ದಿನಕ್ಕಲ್ಲ. ಆ ಲೆಕ್ಕದಲ್ಲಿ ಅಕ್ಟೋಬರಿಂದ ತೆರಿಗೆ ನಿಮ್ಮ ಮೇಲೆ ಬರುತ್ತೆ. ಮೂವರೂ ಇದ್ದ ತಿಂಗಳುಗಳ ಬಾಕಿಯನ್ನು ಪೂರ್ತಿ ಒಬ್ಬರ ಹತ್ತಿರವೇ ಕೇಳಬಹುದು, ಗೆಳೆಯರಿಂದ ನೀವೇ ವಸೂಲಿ ಮಾಡಬೇಕು. ಆದರೆ ಜನವರಿಯಿಂದ ಜೂನ್‌ವರೆಗೆ ಒಬ್ಬರೇ ಇದ್ದಿರಿ ಅಂದಿರಲ್ಲ? ಒಂಟಿ ಇರುವವರಿಗೆ 25% ಕಡಿತ ಇದೆ. ಹಿಂದಿನ ದಿನಾಂಕದಿಂದ ಕೊಡಿ ಅಂತ ಕೌನ್ಸಿಲಿಗೆ ಇವತ್ತೇ ಬರೆಯಿರಿ. ಗೆಳೆಯರ ಟಿಕೆಟ್, ಬೋರ್ಡಿಂಗ್ ಪಾಸ್ ಏನಾದರೂ ಇದ್ದರೆ ಸೇರಿಸಿ.

ಮಲ್ಲಿಗೆ_ಮನೆ: ಬಾಗಿಲು ತೆಗೆಯಬೇಡಿ ಅನ್ನುವುದು ಸುಲಭ. ನಮ್ಮನೆಗೂ 2019ರಲ್ಲಿ ಒಬ್ಬ ಬಂದಿದ್ದ. ಧೋ ಅಂತ ಮಳೆ. ಮನೆ ಬಾಗಿಲಿಗೆ ಬಂದವರನ್ನು ನೆನೆಸಿ ನಿಲ್ಲಿಸುವುದು ಹೇಗೆ ಅಂತ ಒಳಗೆ ಕರೆದೆ. ಕಾಫಿ ಕೊಟ್ಟೆ. ಸ್ಟೀಲ್ ಲೋಟ ಬಿಸಿಯಾಗಿತ್ತು, ಜಾಕೆಟ್ ತೋಳನ್ನು ಬೆರಳಿಗೆ ಎಳೆದುಕೊಂಡು ಹಿಡಿದು ಕುಡಿದ. ಕುಡಿಯುತ್ತಲೇ ಸುತ್ತ ನೋಡಿ ಬರೆದುಕೊಂಡ: ಟಿವಿ, ಲ್ಯಾಪ್‌ಟಾಪ್, ನನ್ನ ವೆಟ್ ಗ್ರೈಂಡರ್. ಲೋಟ ತೊಳೆದಿಟ್ಟು, ಇಲ್ಲಿ ಸಹಿ ಮಾಡಿ ಅಂದ. ಮಾಡಿದೆ. ಕಂತು ತಪ್ಪಿದರೆ ಬೀಗ ಒಡೆದು ಬಂದು ಇದೆಲ್ಲ ಒಯ್ಯಬಹುದು ಅಂತ ಆಮೇಲೆ ಗೊತ್ತಾಯಿತು. ಕೊಯಮತ್ತೂರಿಂದ ತರಿಸಿ, ಸೂಟ್‌ಕೇಸಿನಲ್ಲಿ ಬಟ್ಟೆ ಬಿಟ್ಟು ಹೊತ್ತು ತಂದ ಗ್ರೈಂಡರ್ ಅದು.

ಕಾನೂನು_ಕಾಗೆ: ಗ್ರೈಂಡರ್ ಬರೆದುಕೊಂಡನಾ? ಅದು ತಪ್ಪು. ಮನೆಮಂದಿಯ ಮೂಲ ಅಗತ್ಯದ ಸಾಮಾನು ಜಪ್ತಿ ಮಾಡುವ ಹಾಗಿಲ್ಲ. 2013ರ ನಿಯಮ ಓದಿ.

ಧಾರವಾಡ_ಟು_ಡರ್ಬಿ: ಓದಿದೆ. ಒಲೆ ಅಥವಾ ಮೈಕ್ರೋವೇವ್, ಫ್ರಿಜ್, ವಾಷಿಂಗ್ ಮಷೀನ್, ಊಟದ ಮೇಜು, ಹಾಸಿಗೆ, ಒಂದು ಫೋನ್ ಇದೆ. ಗ್ರೈಂಡರ್ ಎಲ್ಲೂ ಇಲ್ಲ. ಇಡ್ಲಿ ಇಲ್ಲದೆ ಯಾರೂ ಸತ್ತಿಲ್ಲ ಸಾರ್. ನಮ್ಮ ಕಡೆ ರೊಟ್ಟಿ ಕೈಯಲ್ಲೇ ಬಡಿಯುತ್ತಾರೆ.

ಕಾನೂನು_ಕಾಗೆ: ಪಟ್ಟಿಯ ಮೇಲಿನ ಸಾಲು ಬಿಟ್ಟು ಓದಿದ್ದೀರಿ. ಇವು ಸೇರಿದಂತೆ, ಇವಷ್ಟಕ್ಕೇ ಸೀಮಿತವಲ್ಲದೆ ಅಂತ ಇದೆ. ನಮ್ಮ ಮನೆಗೆ ಯಾವುದು ಮೂಲ ಅಗತ್ಯ ಅಂತ ನಿಮ್ಮ ರೊಟ್ಟಿ ಹೇಳಬೇಕಾಗಿಲ್ಲ.

ಧಾರವಾಡ_ಟು_ಡರ್ಬಿ: ರೊಟ್ಟಿ ವಿಷಯಕ್ಕೆ ಬರಬೇಡಿ. ಮಿಕ್ಸಿಯಲ್ಲಿ ರುಬ್ಬಿದರೆ ಇಡ್ಲಿ ಆಗಲ್ವಾ? ಆಗುತ್ತೆ. ಅಲ್ಲಿಗೆ ಗ್ರೈಂಡರ್ ಐಷಾರಾಮಿ.

ಮಲ್ಲಿಗೆ_ಮನೆ: ಮಿಕ್ಸಿಯಲ್ಲಿ ರುಬ್ಬಿದ್ದು ಇಡ್ಲಿನಾ? ಗೋಡೆಗೆ ಹೊಡೆದರೆ ಸಿಮೆಂಟ್ ಉದುರುತ್ತೆ. ಅದೂ ಅಲ್ಲದೆ ಆಗ ನಾನು ವಾರಕ್ಕೆ ನಾಲ್ಕು ಮನೆಗೆ ಹಿಟ್ಟು ಕೊಡುತ್ತಿದ್ದೆ.

ಕಾನೂನು_ಕಾಗೆ: ಮುಗೀತು! ಹಾಗಾದರೆ ಅದು ಕಸುಬಿನ ಉಪಕರಣ. ಒಟ್ಟು 1,350 ಪೌಂಡ್ ಬೆಲೆಯವರೆಗೆ ಮುಟ್ಟುವ ಹಾಗಿಲ್ಲ.

ಸ್ವಿಂಡನ್_ಸೋಮಣ್ಣ: ಹಿಟ್ಟು ಸುಮ್ನೆ ಕೊಡುತ್ತಿದ್ದಿರಾ, ಮಾರುತ್ತಿದ್ದಿರಾ? ಮಾರುತ್ತಿದ್ದರೆ ಶುರು ಮಾಡುವ 28 ದಿನ ಮುಂಚೆ ಆಹಾರ ವ್ಯಾಪಾರ ಅಂತ ಕೌನ್ಸಿಲಿಗೆ ನೋಂದಾಯಿಸಬೇಕು. ಮಾಡಿದ್ರಾ? ಆ ದುಡ್ಡಿಗೆ ಆದಾಯ ತೆರಿಗೆ?

ಮಲ್ಲಿಗೆ_ಮನೆ: ನಾಲ್ಕು ಡಬ್ಬಿ ಹಿಟ್ಟಿಗೆ ಆದಾಯ ತೆರಿಗೆನಾ? ನಿಮಗೆ ಬೇರೆ ಕೆಲಸ ಇಲ್ವಾ?

ಕಾನೂನು_ಕಾಗೆ: ವರ್ಷಕ್ಕೆ 1,000 ಪೌಂಡ್ ವರೆಗೆ ಟ್ರೇಡಿಂಗ್ ಅಲವೆನ್ಸ್ ಇದೆ. ಅಷ್ಟರೊಳಗೆ ಇದ್ದರೆ ತೆರಿಗೆ ಬರಲ್ಲ.

ಸ್ವಿಂಡನ್_ಸೋಮಣ್ಣ: ನೋಂದಣಿ ಬಗ್ಗೆ ಮಾತೇ ಇಲ್ಲ ನೋಡಿ. ಜಾಣತನ ಎಲ್ಲಾ ತಪ್ಪಿಸಿಕೊಳ್ಳೋದಕ್ಕೇ. ನೋಂದಾಯಿಸದ ಕಸುಬು ಕಸುಬಾ?

ಧಾರವಾಡ_ಟು_ಡರ್ಬಿ: ಮೊದಲು ಮನೆಯ ಮೂಲ ಅಗತ್ಯ ಅಂದಿರಿ, ಈಗ ಕಸುಬು ಅಂತೀರಿ. ಯಾವುದಾದರೂ ಒಂದಕ್ಕೆ ನಿಲ್ಲಿ ಕಾಗೆಯವರೇ.

ಕಾನೂನು_ಕಾಗೆ: ಎರಡೂ! ಎರಡೂ ಆಗಬಹುದು! ಒಂದು ವಸ್ತುವಿಗೆ ಎರಡು ರಕ್ಷಣೆ ಇರಬಾರದು ಅಂತ ಎಲ್ಲಿ ಬರೆದಿದೆ ತೋರಿಸಿ. ನಾನು ಇಲ್ಲಿ ಬಿಟ್ಟಿಯಾಗಿ ಸಮಯ ಹಾಳು ಮಾಡಿಕೊಂಡು ಹೇಳುತ್ತಿದ್ದೇನೆ, ನೀವು ರೊಟ್ಟಿ, ಇಡ್ಲಿ ಅಂತ ತಮಾಷೆ ಮಾಡುತ್ತಿದ್ದೀರಿ. ಇಂಥ ಜನಕ್ಕೆ ಕಾನೂನು ಹೇಳುವುದೇ ದಂಡ.

ಧಾರವಾಡ_ಟು_ಡರ್ಬಿ: ದಂಡ ಅಂದ್ರೆ ಕ್ರಿಮಿನಲ್ ದಂಡನಾ? ಬಾಗಿಲು ಒಡೆಯಬಹುದಾ? 😄

ಗ್ಲಾಸ್ಗೋ_ಗೌಡ: ನಮ್ಮಲ್ಲಿ ಗ್ರೈಂಡರ್ ಸಮಸ್ಯೆಯೇ ಬರಲ್ಲ.

ಗಿರಿ_ಮಿಡ್‌ಲ್ಯಾಂಡ್ಸ್: ದಯವಿಟ್ಟು ಯಾರಾದರೂ ಹೇಳಿ. ಮಗು ಇರುವ ಮನೆಗೆ ಬರುವ ಹಾಗಿಲ್ಲ ಅಂತ ಒಬ್ಬರು ಹೇಳಿದರು, ನಿಜಾನಾ? ಭಾವನ ಕಾರು ಮನೆ ಮುಂದೆ ನಿಂತಿದೆ, ಅದನ್ನು ಒಯ್ಯುತ್ತಾರಾ? ವೀಸಾಕ್ಕೆ ಏನಾದರೂ?

ರೇವತಿ_ಲಂಡನ್: ಹದಿನಾರರ ಕೆಳಗಿನ ಮಕ್ಕಳು ಮಾತ್ರ ಮನೆಯಲ್ಲಿದ್ದಾಗ ಒಳಗೆ ಬರುವ ಹಾಗಿಲ್ಲ. ನೀವಿಬ್ಬರು ಇದ್ದೀರಿ, ಅದು ನಿಮಗೆ ಅನ್ವಯಿಸಲ್ಲ. ಕಾರು ಭಾವನದ್ದಾದರೆ ನಿಮ್ಮ ಬಾಕಿಗೆ ಒಯ್ಯುವ ಹಾಗಿಲ್ಲ, ಆದರೆ ಅವರದ್ದು ಅಂತ ತೋರಿಸಬೇಕು. ಕೊಂಡ ರಸೀದಿ ಇಟ್ಟುಕೊಳ್ಳಿ, ಸದ್ಯಕ್ಕೆ ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿದರೆ ತಲೆನೋವೇ ಇಲ್ಲ. ವೀಸಾ ವಿಷಯ ಅಂದರೆ, ಕೋರ್ಟು ಕೊಟ್ಟಿರುವುದು ಲಯಬಿಲಿಟಿ ಆರ್ಡರ್ (ಈ ಬಾಕಿ ನೀವು ಕಟ್ಟಬೇಕು ಅನ್ನುವ ಆದೇಶ), ಕ್ರಿಮಿನಲ್ ದಾಖಲೆ ಅಲ್ಲ, ಕ್ರೆಡಿಟ್ ಫೈಲಿಗೂ ಬರಲ್ಲ. ಸಾಲದ ಬಗ್ಗೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಅಥವಾ ಸ್ಟೆಪ್‌ಚೇಂಜ್‌ಗೆ ಫೋನ್ ಮಾಡಿ, ದುಡ್ಡು ಕೇಳಲ್ಲ. ಅವರ ಮೂಲಕ ಬ್ರೀದಿಂಗ್ ಸ್ಪೇಸ್ (ವಸೂಲಿಗೆ ತಾತ್ಕಾಲಿಕ ತಡೆ) ಸಿಕ್ಕಿದರೆ 60 ದಿನ ಯಾರೂ ಬಾಗಿಲು ತಟ್ಟಲ್ಲ.

ಸ್ವಿಂಡನ್_ಸೋಮಣ್ಣ: "ಬೇರೆ ಬೀದಿಯಲ್ಲಿ ನಿಲ್ಲಿಸಿ." ಓದಿದವರು ಹೇಳುವ ಮಾತಾ ಇದು? ಬಚ್ಚಿಡುವುದನ್ನೇ ಕಲಿಸಿಕೊಡಿ. ಬೆಂಗಳೂರಲ್ಲಿ ಬಾಕಿದಾರರ ಬಾಗಿಲಲ್ಲಿ ತಮಟೆ ಬಾರಿಸಿದರಲ್ಲ ಪಾಲಿಕೆಯವರು, ಅದೇ ಸರಿ.

ರೇವತಿ_ಲಂಡನ್: ಭಾವನ ಕಾರು ಸೋಮಣ್ಣನವರೇ. ಭಾವನ ಬಾಕಿ ಅಲ್ಲ.

ಮಲ್ಲಿಗೆ_ಮನೆ: ಸೋಮಣ್ಣನವರ ಮನೆ ಮುಂದೆ ಒಂದು ದಿನ ಬಾರಿಸಬೇಕು ತಮಟೆ.

(ಎಂಟು ದಿನದ ನಂತರ)

ಗಿರಿ_ಮಿಡ್‌ಲ್ಯಾಂಡ್ಸ್: ಅಪ್‌ಡೇಟ್. ಬಾಗಿಲು ತೆಗೆಯಲಿಲ್ಲ. ಅವನು ಇನ್ನೊಂದು ಸಲ ಬಂದು ಚೀಟಿ ಹಾಕಿ ಹೋದ. ಕೌನ್ಸಿಲಿಗೆ ಗೆಳೆಯರ ಟಿಕೆಟ್ ಕಳಿಸಿದೆ. ಟಿಕೆಟ್ ಕೇಳಿದ ತಕ್ಷಣ ಇಬ್ಬರೂ ಉತ್ತರ ಕೊಟ್ಟರು, ದುಡ್ಡು ಕೇಳಿದಾಗ ಮಾತ್ರ ನೆಟ್‌ವರ್ಕ್ ಇರಲ್ಲ. ಆರು ತಿಂಗಳಿಗೆ 25% ಕಡಿತ ಒಪ್ಪಿದರು, 207 ಪೌಂಡ್ ಇಳಿಯಿತು. ಉಳಿದ 1,343ಕ್ಕೆ ಏಜೆಂಟ್ ಕಂಪನಿ ಆರು ಕಂತು ಕೊಟ್ಟಿದೆ, ತಿಂಗಳಿಗೆ 224 ಹತ್ತಿರ. ಫೀಸು ಮಾತ್ರ ಬಿಡಲಿಲ್ಲ. ರೇವತಿ ಮೇಡಂಗೆ ಥ್ಯಾಂಕ್ಸ್.

ಸ್ವಿಂಡನ್_ಸೋಮಣ್ಣ: ಕೊನೆಗೂ ಕಟ್ಟಲೇಬೇಕಾಯಿತು ಅಲ್ವಾ? ನಾನು ಮೊದಲ ಸಾಲಿನಲ್ಲೇ ಹೇಳಿದ್ದೆ.

ಕಾನೂನು_ಕಾಗೆ: ಬಾಗಿಲು ತೆಗೆಯಲಿಲ್ಲ ಅನ್ನುವುದನ್ನೂ ಓದಿ. ನಾನು ಹೇಳಿದ್ದು ಅದನ್ನೇ.

ಸ್ವತಂತ್ರ_ಪ್ರಜೆ: ಬೋರ್ಡ್ ಹಾಕಿದ್ದರೆ ಆ ಚೀಟಿಯೂ ಬರುತ್ತಿರಲಿಲ್ಲ.

ಮಲ್ಲಿಗೆ_ಮನೆ: ಈ ಗಲಾಟೆ ನೋಡಿ ಹಳೇ ಫೈಲು ತೆಗೆದೆ. ಅವನು ಬರೆದ ಪಟ್ಟಿ ಸಿಕ್ಕಿತು. ಗ್ರೈಂಡರ್ ಅಂತ ಬರೆದಿಲ್ಲ. "ಅಡುಗೆ ಯಂತ್ರ, ಕಲ್ಲಿನದು, 1" ಅಂತ ಬರೆದಿದ್ದಾನೆ.

ಕಾನೂನು_ಕಾಗೆ: ಅಡುಗೆ ಯಂತ್ರ! ಅವನೇ ಒಪ್ಪಿದ್ದಾನೆ ನೋಡಿ. ಅಡುಗೆಯದ್ದು ಅಂದ ಮೇಲೆ ಮೂಲ ಅಗತ್ಯ.

ಧಾರವಾಡ_ಟು_ಡರ್ಬಿ: ಕಲ್ಲಿನದು ಅಂದರೆ ಟೇಬಲ್ ಟಾಪಾ, ಬಗ್ಗಿಸುವಂಥದ್ದಾ? ಅದರ ಮೇಲೆ ಹೋಗುತ್ತೆ.